ಬಸ್ಸು ಸಿಕ್ಕಿಬೀಳುತ್ತಿದ್ದ ತಿರುವು

ರಾಜೀವಿಯಕ್ಕ ದೊಡ್ಡ ಮನುಷ್ಯರೇನಲ್ಲ. ಬೀಡಿ ಕಟ್ಟಿ ಬದುಕಿದವರು. ವಯಸ್ಸು ಅರವತ್ತಮೂರೋ ಅರವತ್ತೈದೋ, ರೇಷನ್ ಕಾರ್ಡಿನಲ್ಲಿ ಒಂದಿದೆ, ಆಧಾರಿನಲ್ಲಿ ಇನ್ನೊಂದಿದೆ. ದೊಡ್ಡವರ ಬಗ್ಗೆ ಬರೆಯಲು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಬರೆದವರಿಗೆ ಶಾಲು ಹೊದೆಸುವ ಸಂಘಗಳೂ ಇವೆ. ನಾನು ಈ ಹೆಂಗಸಿನ ಬಗ್ಗೆ ಬರೆಯುವುದಕ್ಕೆ ಕಾರಣ ಬೇರೆ. ನಾನು ಅವರಿಗೊಂದು ಮಾತು ಕೊಟ್ಟಿದ್ದೆ. ಅದನ್ನು ಉಳಿಸಿಕೊಳ್ಳಲಿಲ್ಲ.

ನನ್ನ ಹೆಸರು ಕೇಶವಪ್ರಸಾದ. ಹೊಸಂಗಡಿಯಲ್ಲಿ ಮನೆ. ಅಲ್ಲಿಂದ ಪೂರ್ವಕ್ಕೆ ಗುಡ್ಡದ ಕಡೆ ಹೋಗುವ ರಸ್ತೆಗಳಲ್ಲೊಂದು ಹದಿಮೂರು ಕಿಲೋಮೀಟರ್ ಏರಿಳಿದು ಮಜಲುಮೂಲೆ ಎಂಬ ಊರಿನಲ್ಲಿ ಮುಗಿಯುತ್ತದೆ. ಆ ಊರಿನ ಕನ್ನಡ ಶಾಲೆಯಲ್ಲಿ ನಾನು ಸಮಾಜ ಪಾಠದ ಮಾಸ್ತರ. ಎರಡು ಸಾವಿರದ ಎರಡರ ಜೂನಿನಲ್ಲಿ ಸೇರಿದೆ. ಅಂದಿನಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೆಳಗ್ಗೆ ಎಂಟೂಕಾಲರ ಬಸ್ಸಿನಲ್ಲಿ ಹೋಗಿದ್ದೇನೆ, ಸಂಜೆ ನಾಲ್ಕರ ಬಸ್ಸಿನಲ್ಲಿ ಬಂದಿದ್ದೇನೆ. ಮುಂದಿನಿಂದ ಎರಡನೇ ಸೀಟು, ಎಡಗಡೆಯ ಕಿಟಕಿ. ಅದರಲ್ಲಿ ಬೇರೆಯವರು ಕೂತರೆ ನನಗೆ ಸಿಟ್ಟು ಬರುತ್ತಿತ್ತು. ಮಾಸ್ತರರಿಗೆ ಸಿಟ್ಟು ಬರಲು ಅಷ್ಟು ಸಾಕು.

ಈ ರಸ್ತೆಯ ಆರನೇ ಕಿಲೋಮೀಟರಿನಲ್ಲಿ ಪಾದೆಕಲ್ಲು ತಿರುವು. ಒಂದು ಕಡೆ ಗುಡ್ಡದ ಕೆಂಪು ಮುರಕಲ್ಲು ಕಡಿದ ಗೋಡೆ, ಇನ್ನೊಂದು ಕಡೆ ಒಂದೇ ಒಂದು ಹಂಚಿನ ಮನೆ, ನಡುವೆ ತಗ್ಗಿನಲ್ಲಿ ಮೂರೂವರೆ ಮೀಟರ್ ಡಾಂಬರು. ಎದುರಿನಿಂದ ಜಲ್ಲಿಯ ಟಿಪ್ಪರ್ ಬಂದರೆ ಮುಗಿಯಿತು. ಹಿಂದೆ ಹೋಗಲು ಬಸ್ಸಿಗೆ ಜಾಗವಿಲ್ಲ, ಟಿಪ್ಪರಿಗೆ ಮನಸ್ಸಿಲ್ಲ. ಎರಡೂ ಕಡೆ ಹನುಮಂತನ ಬಾಲದ ಹಾಗೆ ಗಾಡಿಗಳು ಸೇರಿಕೊಳ್ಳುತ್ತಿದ್ದವು. ಕಡಿಮೆಯೆಂದರೆ ಹತ್ತು ನಿಮಿಷ, ಜೋರು ಮಳೆಗಾಲದಲ್ಲಿ ಮುಕ್ಕಾಲು ಗಂಟೆ. ದಿನಕ್ಕೆ ಹೋಗಿ ಬಂದು ಇಪ್ಪತ್ತೆರಡು ಬಸ್ಸುಗಳಿದ್ದವು. ಸಿಕ್ಕಿಬೀಳದೆ ದಾಟಿದ ಬಸ್ಸನ್ನು ನಾವು ಪುಣ್ಯವಂತರ ಬಸ್ಸು ಎನ್ನುತ್ತಿದ್ದೆವು.

ಆ ಹಂಚಿನ ಮನೆ ರಾಜೀವಿಯಕ್ಕನದು. ಮದುವೆಯಾಗಿ ಬಂದ ಮನೆ. ಗಂಡ ಕಲ್ಲು ಕಡಿಯುವ ಕೆಲಸದವರು, ಮದುವೆಯ ಮೂರನೇ ವರ್ಷ ಹಾವು ಕಚ್ಚಿ ತೀರಿಕೊಂಡರು. ಮಕ್ಕಳಿಲ್ಲ. ತವರಿನವರು ಕರೆದರಂತೆ, ಹೋಗಲಿಲ್ಲ. ಐದು ಸೆಂಟು ಜಾಗ, ಹಿಂದೆ ನೇರ ಗುಡ್ಡ, ಹತ್ತಿರದ ಮನೆಗೆ ಹೋಗಬೇಕೆಂದರೆ ಗುಡ್ಡ ಹತ್ತಿ ಆಚೆ ಇಳಿಯಬೇಕು. ನೆರೆಹೊರೆ ಎಂಬುದು ಅವರಿಗೆ ಇರಲಿಲ್ಲ. ಇದ್ದದ್ದು ಬಸ್ಸು.

ಮನೆಯ ಜಗಲಿ ರಸ್ತೆಗಿಂತ ಎತ್ತರದಲ್ಲಿ, ಸರಿಯಾಗಿ ಬಸ್ಸಿನ ಕಿಟಕಿಯ ಮಟ್ಟಕ್ಕೆ ಇತ್ತು. ಬಸ್ಸು ಸಿಕ್ಕಿಬಿದ್ದರೆ ಕಿಟಕಿಗೂ ಜಗಲಿಗೂ ನಡುವೆ ಒಂದೂವರೆ ಮೊಳ. ರಾಜೀವಿಯಕ್ಕ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟು, ಬೀಡಿ ಎಲೆಗೆ ಹೊಗೆಸೊಪ್ಪಿನ ಹುಡಿ ತುಂಬಿ ಸುತ್ತುತ್ತಾ ಕೂತಿರುತ್ತಿದ್ದರು. ಬೆರಳು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ, ಬಾಯಿಯೂ ಅಷ್ಟೆ. ಮೂರನೇ ಕಿಟಕಿಯವಳ ಮಗಳಿಗೆ ಎಷ್ಟು ತಿಂಗಳಾಯಿತು, ಹಿಂದಿನ ಸೀಟಿನ ಅಜ್ಜನ ಕಣ್ಣಿನ ಆಪರೇಶನ್ ಯಾವಾಗ, ನನ್ನ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದರು, ಎಲ್ಲವೂ ಅವರಿಗೆ ಬೇಕು. ಅವರದು ತುಳು, ನನ್ನದು ಹರಕು ತುಳು. ನನ್ನ ತುಳು ಕೇಳಿ ಅವರು ಕನ್ನಡಕ್ಕೆ ಬಂದುಬಿಡುತ್ತಿದ್ದರು.

"ಮಾಸ್ಟ್ರೆ, ನಿನ್ನೆ ಬರ್ಲಿಲ್ಲ ಎಂತ? ಜ್ವರವಾ?"

ನಾನು ಶಾಲೆಗೆ ಹೋಗದಿದ್ದರೆ ಹೆಡ್‌ಮಾಸ್ತರರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಅವರಿಗೆ.

ಅದಲ್ಲದೆ ಆ ಜಗಲಿ ನಮ್ಮ ರಸ್ತೆಯ ಅಂಚೆ ಕಚೇರಿಯೂ ಆಗಿತ್ತು. ಬೆಳಗ್ಗಿನ ಬಸ್ಸಿನವರು ಔಷಧಿಯ ಪೊಟ್ಟಣ, ಮದುವೆ ಕಾಗದ, ಬೀಗದ ಕೈ, ಮರೆತುಹೋದ ಕೊಡೆ ಅವರ ಕೈಗೆ ಕೊಟ್ಟು "ಮಧ್ಯಾಹ್ನದ ಬಸ್ಸಿನಲ್ಲಿ ಇಂಥವರು ಬರ್ತಾರೆ" ಎಂದರೆ ಸಾಕು. ಚೀಟಿ ಇಲ್ಲ, ರುಜು ಇಲ್ಲ. ಒಂದು ವಸ್ತು ತಪ್ಪಿದ್ದನ್ನು ನಾನು ಕೇಳಿಲ್ಲ. ಕಿಟಕಿಯಲ್ಲಿ ಹೇಳಿದ ಮಾತು ನಡೆಯಲೇಬೇಕು ಎಂಬುದು ಆ ತಿರುವಿನಲ್ಲಿ ಯಾರೂ ಬರೆಯದ ಕಾನೂನು. ಒಮ್ಮೆ ಬೆಳಗ್ಗೆ ಜಗಲಿ ಖಾಲಿ ಇತ್ತು. ಕಂಡಕ್ಟರ್ ಪ್ರವೀತ್ ಇಳಿದು ಬಾಗಿಲು ಬಡಿದ. ಜ್ವರದಲ್ಲಿ ಬಿದ್ದಿದ್ದರು. ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ವಾಪಸು ಬರುವಾಗ ಅವನೇ ಹೊಸಂಗಡಿಯ ಡಾಕ್ಟರಿಗೆ ತೋರಿಸಿದ. ಟಿಕೇಟು ಕೇಳಬಾರದೆಂದು ನಾವು ಹೇಳಬೇಕಾಗಲಿಲ್ಲ.

ಇನ್ನು ರಸ್ತೆಯ ಕತೆ. ನಮ್ಮ ರಸ್ತೆಗೆ ಅಗಲ ಬೇಕೆಂದು ಅರ್ಜಿ ಕೊಡಲು ಶುರುಮಾಡಿದ್ದು ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಪಂಚಾಯತಿಗೆ ಕೊಟ್ಟರೆ ಅದು ಲೋಕೋಪಯೋಗಿ ಇಲಾಖೆಯ ಕೆಲಸ ಎನ್ನುತ್ತಿದ್ದರು. ಇಲಾಖೆಗೆ ಹೋದರೆ ರಸ್ತೆ ಪಂಚಾಯತಿಯದು, ಅವರು ಮೊದಲು ಬಿಟ್ಟುಕೊಡಲಿ ಎನ್ನುತ್ತಿದ್ದರು. ಹೀಗೆ ಇಬ್ಬರ ನಡುವೆ ಚೆಂಡಾಗಿ ನಾವು ಹದಿನೇಳು ವರ್ಷ ಉರುಳಿದೆವು. ಕೊನೆಗೆ ರಾಜ್ಯ ಸರಕಾರದಿಂದ ಹಣ ಬಂತು. ಭರಣಾನುಮತಿ ಸಿಕ್ಕಿತು ಎಂದು ವಾರ್ಡಿನ ಮೆಂಬರ್ ರಶ್ಮಿತಾ ಫೋನಿನಲ್ಲಿ ಕೂಗಿದಳು. ನಮ್ಮ ಗಡಿನಾಡಿನ ಮಲಯಾಳ ಕಚೇರಿಗಳಲ್ಲಿ ಆಡಳಿತ ಮಂಜೂರಾತಿಗೆ ಹಾಗೆಯೇ ಹೇಳುವುದು. ರಶ್ಮಿತಾ ನನ್ನದೇ ಹಳೆಯ ವಿದ್ಯಾರ್ಥಿನಿ, ಕೂಗದೆ ಮಾತಾಡಲು ಅವಳಿಗೆ ಕಲಿಸಲು ನನ್ನಿಂದ ಆಗಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಣ ರಸ್ತೆಗೆ ಮಾತ್ರ, ಜಾಗಕ್ಕಲ್ಲ. ಹತ್ತು ಮೀಟರ್ ಅಗಲದ ಜಾಗವನ್ನು ಊರವರು ಪುಕ್ಕಟೆ ಬಿಟ್ಟುಕೊಡಬೇಕು, ಬಿಡಿಸಿಕೊಡುವ ಹೊಣೆ ಪಂಚಾಯತಿಯದ್ದು ಮತ್ತು ಊರಿನದ್ದು. ಮಾರ್ಚ್ ಕೊನೆಯೊಳಗೆ ಎಲ್ಲರ ಸಮ್ಮತಪತ್ರ ಸೇರದಿದ್ದರೆ ಹಣ ಬೇರೆ ರಸ್ತೆಗೆ. ಇತ್ತ ಹೊಸಂಗಡಿಯಲ್ಲಿ ಹೆದ್ದಾರಿಗೆ ಜಾಗ ಹೋದವರು ಪರಿಹಾರದ ಹಣದಲ್ಲಿ ಎರಡು ಮಹಡಿಯ ಮನೆ ಕಟ್ಟುತ್ತಿದ್ದರು. ಆರು ಕಿಲೋಮೀಟರ್ ಒಳಗೆ ಜಾಗ ಕೊಡುವವರಿಗೆ ಸಿಗುವುದು ನಮ್ಮ ಸಮಿತಿಯ ಕಡೆಯಿಂದ ಒಂದು ನಮಸ್ಕಾರ. ಇದನ್ನು ಜನರಿಗೆ ಹೇಳಿ ಒಪ್ಪಿಸಲು ಒಬ್ಬ ಬೇಕಿತ್ತು. ಸಮಿತಿಯ ಸಂಚಾಲಕನಾಗಿ ನನ್ನನ್ನು ಆರಿಸಿದರು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂಬ ಗಾದೆಯನ್ನು ಮಕ್ಕಳಿಗೆ ವಿವರಿಸಿದ ಮಾಸ್ತರನೇ ಹೋಗಿ ಸಿಕ್ಕಿಬಿದ್ದ.

ಜನ ಕೊಟ್ಟರು, ಅದನ್ನು ಹೇಳಲೇಬೇಕು. ಬೈದರು, ಅತ್ತರು, ಹೆದ್ದಾರಿಯವರ ಹೆಸರು ಹಿಡಿದು ಶಾಪ ಹಾಕಿದರು, ಮತ್ತೆ ಕೊಟ್ಟರು. ಅಂಗಳ ಕೊಟ್ಟರು, ಬಾವಿಕಟ್ಟೆಯ ಅರ್ಧ ಕೊಟ್ಟರು. ಒಬ್ಬರು "ಆವರಣ ಗೋಡೆ ಕಟ್ಟಿಸಿ ಕೊಡಬೇಕು" ಎಂದು ಪತ್ರದ ಕೆಳಗೆ ಒಂದು ಸಾಲು ಬರೆದಿದ್ದರು. ಆ ಪತ್ರ ವಾಪಸು ಬಂತು. ಸಮ್ಮತ ಎಂದರೆ ಷರತ್ತಿಲ್ಲದ ಸಮ್ಮತ, ಒಂದು ಅಕ್ಷರ ಹೆಚ್ಚಾದರೆ ಫೈಲು ನಿಲ್ಲುತ್ತದೆ ಎಂದು ಇಲಾಖೆಯ ಓವರ್‌ಸಿಯರ್ ಹೇಳಿದ. ಅಂದಿನಿಂದ ನಾನು ಪತ್ರದಲ್ಲಿ ಯಾರನ್ನೂ ಏನನ್ನೂ ಬರೆಯಲು ಬಿಡಲಿಲ್ಲ.

ಫೆಬ್ರವರಿ ಮುಗಿಯುವಾಗ ಒಂದೇ ಪತ್ರ ಬಾಕಿ ಉಳಿಯಿತು. ಪಾದೆಕಲ್ಲು ತಿರುವಿನದು. ಎರಡು ಸೆಂಟು.

ರಶ್ಮಿತಾ ಹೋಗಿ ಕೇಳಿದಳು. ರಾಜೀವಿಯಕ್ಕ ಚಹ ಕೊಟ್ಟು ಕಳಿಸಿದರು. ದೇವಸ್ಥಾನದ ಮೊಕ್ತೇಸರರು ಹೋದರು. ಅವರಿಗೆ ಎಳನೀರು ಸಿಕ್ಕಿತು, ಪತ್ರ ಸಿಗಲಿಲ್ಲ. ಆಮೇಲೆ ಊರಿನವರ ನಾಲಗೆ ಉದ್ದವಾಯಿತು. ಮುದುಕಿಗೆ ಹಣದ ಆಸೆ ಎಂದರು. ಯಾರೋ ಪಕ್ಷದವರು ಕಿವಿ ಊದಿದ್ದಾರೆ ಎಂದರು. ಜಾಗದಲ್ಲಿ ಗುಳಿಗ ದೈವದ ಕಲ್ಲಿದೆಯಂತೆ, ಜೋಯಿಸರಲ್ಲಿ ಪ್ರಶ್ನೆ ಇಡೋಣ ಎಂದರು. ಇಪ್ಪತ್ತು ವರ್ಷ ಅವರ ಕೈಯಿಂದ ನೀರು ಕುಡಿದವರೇ ಈಗ ಬಸ್ಸು ನಿಂತಾಗ ಮುಖ ಆಚೆ ತಿರುಗಿಸಿ ಕೂರುತ್ತಿದ್ದರು. ನಾನೂ ಎರಡು ವಾರ ಮೊಬೈಲು ನೋಡಿಕೊಂಡು ಕೂತೆ. ಎದುರಿಗೇ ಕೂತಿದ್ದವರಿಗೆ ಅದು ಕಾಣದೆ ಇರುತ್ತದೆಯೇ?

ಒಂದು ಶನಿವಾರ ಮಧ್ಯಾಹ್ನ ನಾನೊಬ್ಬನೇ ಅಲ್ಲಿ ಬಸ್ಸಿಳಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇಳಿದದ್ದು. ಮೆಟ್ಟಿಲು ಹತ್ತಿ ಜಗಲಿಗೆ ಬರುವಾಗ ರಾಜೀವಿಯಕ್ಕನ ಬೆರಳು ನಿಂತಿತು.

"ಮಾಸ್ಟ್ರೆ! ನಿಮ್ಮ ಕಾಲಿಗೆ ಎಂತಾಗಿದೆ?"

"ಇದು ಸಣ್ಣದಿರುವಾಗ ಪೋಲಿಯೋ ಬಂದದ್ದು ಅಕ್ಕ. ಎಡಗಾಲು ಸ್ವಲ್ಪ ಗಿಡ್ಡ."

"ನನಗೆ ಗೊತ್ತೇ ಇರ್ಲಿಲ್ಲ ನೋಡಿ. ನಿಮ್ಮನ್ನೆಲ್ಲ ನಾನು ಎದೆಯಿಂದ ಮೇಲೆ ಕಂಡದ್ದು ಮಾತ್ರ." ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಾಲು ನೋಡಿ ನನ್ನ ಅಮ್ಮ ಬಿಟ್ಟರೆ ಬೇರೆ ಯಾರೂ ಅತ್ತದ್ದಿಲ್ಲ. ನಾನು ತಯಾರು ಮಾಡಿಕೊಂಡು ಬಂದಿದ್ದ ಭಾಷಣ ಅಲ್ಲಿಗೇ ಒಣಗಿಹೋಯಿತು.

ಅವರು ಮಜ್ಜಿಗೆ ತಂದು ಇಟ್ಟರು. ಗೆರಸೆ ಪಕ್ಕಕ್ಕೆ ಸರಿಸಿ ಅವರೇ ಶುರು ಮಾಡಿದರು.

"ಜಾಗ ಕೊಡ್ಲಿಕ್ಕೆ ನನಗೆ ಬೇಜಾರಿಲ್ಲ ಮಾಸ್ಟ್ರೆ. ನಾನು ಹೋದ ಮೇಲೆ ಇದು ಯಾರಿಗೆ? ದುಡ್ಡೂ ಬೇಡ, ಗುಳಿಗನ ಕಲ್ಲೂ ಇಲ್ಲ. ಒಂದು ಕೇಳ್ತೇನೆ, ನಗಾಡ್ಬಾರ್ದು."

"ಹೇಳಿ ಅಕ್ಕ."

"ರೋಡು ಅಗಲ ಆದ್ರೆ ಬಸ್ಸು ಇಲ್ಲಿ ನಿಲ್ತದಾ?"

ನಾನು ಮಜ್ಜಿಗೆಯ ಲೋಟ ಕೈಗೆತ್ತಿಕೊಂಡೆ.

"ನಿಲ್ಲುದಿಲ್ಲ ಅಲ್ವಾ? ಅದೇ. ಮತ್ತೆ ನನ್ನ ಹತ್ರ ಮಾತಾಡ್ಲಿಕ್ಕೆ ಯಾರಿದ್ದಾರೆ?"

ರಸ್ತೆಯ ಬಗ್ಗೆ ಕೇಳುವ ಯಾವ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು. ಆಂಬುಲೆನ್ಸ್ ಸಿಕ್ಕಿಬೀಳುವುದು, ಮಕ್ಕಳು ಪರೀಕ್ಷೆಗೆ ತಡವಾಗಿ ತಲುಪುವುದು, ಬಸ್ಸಿನವರು ಟ್ರಿಪ್ಪು ಕಡಿತ ಮಾಡುವುದು, ಎಲ್ಲ ಬಾಯಿಪಾಠ. ಆದರೆ ನಾವೆಲ್ಲ ಶಾಪ ಹಾಕುತ್ತಿದ್ದ ಆ ಹತ್ತು ನಿಮಿಷವೇ ಈ ಹೆಂಗಸಿನ ಸಂಸಾರ ಎಂದು ಹದಿನೇಳು ವರ್ಷದ ಅರ್ಜಿಗಳಲ್ಲಿ ಯಾರೂ ಬರೆದಿರಲಿಲ್ಲ.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಎಷ್ಟು ಖುಷಿಯಾಯಿತೆಂದರೆ ಕೂತಲ್ಲಿಂದ ಎದ್ದೇಬಿಟ್ಟೆ.

"ಅಕ್ಕ, ನಿಮ್ಮ ಮನೆ ಎದುರೇ ಬಸ್ ಸ್ಟಾಪ್ ಹಾಕಿಸ್ತೇನೆ. ಮಾಡು ಇರುವ ಶೆಲ್ಟರ್. ಎಲ್ಲ ಬಸ್ಸೂ ಇಲ್ಲಿ ನಿಲ್ಲಬೇಕು. ಈಗ ಬಸ್ಸಿನೊಳಗಿನವರು ಮಾತ್ರ, ಮತ್ತೆ ಬಸ್ಸಿಗೆ ಕಾಯುವವರೂ ನಿಮ್ಮ ಜಗಲಿಗೇ ಬರ್ತಾರೆ."

"ಹೌದಾ ಮಾಸ್ಟ್ರೆ?"

"ನನ್ನ ಮಾತು."

"ಆ ಕಾಗದದಲ್ಲಿ ಅದನ್ನೂ ಬರೀತೀರಾ?"

ಬರೆಯಬಹುದಿತ್ತು. ಬರೆದರೆ ಪತ್ರ ವಾಪಸು ಬರುತ್ತಿತ್ತು. ವಾಪಸು ಬಂದಿದ್ದರೆ ಯಾರಾದರೂ ಓದುತ್ತಿದ್ದರು, ಆಗುವುದಿಲ್ಲ ಎಂದಾದರೂ ಹೇಳುತ್ತಿದ್ದರು. ನಾನು ಮಾಸ್ತರ ಸ್ವರದಲ್ಲಿ ಹೇಳಿದೆ, "ಬರೆದ್ರೆ ಫೈಲು ನಿಲ್ತದೆ ಅಕ್ಕ. ನನ್ನ ಮೇಲೆ ನಂಬಿಕೆ ಇಲ್ವಾ?"

"ಛೆ, ಎಂತ ಮಾತು! ನಿಮ್ಮ ಬಾಯಿಮಾತು ಸಾಕು," ಎಂದರು. ಹೆಸರಿನ ಮೂರು ಅಕ್ಷರ ಬರೆಯಲು ಎರಡು ನಿಮಿಷ ತೆಗೆದುಕೊಂಡರು. ನಾಲಗೆಯ ತುದಿ ಹಲ್ಲಿನ ನಡುವೆ ಇಟ್ಟು ಬರೆದರು, ನಮ್ಮ ಶಾಲೆಯ ಒಂದನೇ ಕ್ಲಾಸಿನ ಮಕ್ಕಳ ಹಾಗೆ. ಸಂಜೆ ಬಸ್ಸಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು.

ಕೆಲಸ ಶುರುವಾಯಿತು. ಮೊದಲು ಆಚೆಯ ಮುರಕಲ್ಲಿನ ಗೋಡೆ ಕಡಿದರು. ಮತ್ತೆ ಲಾರಿಗಟ್ಟಲೆ ಮಣ್ಣು ಬಂತು. ತಿರುವಿನ ತಗ್ಗು ತುಂಬಲು ಎಂದು ನಾನು ಸುಮ್ಮನಿದ್ದೆ. ಮಣ್ಣು ಬರುತ್ತಲೇ ಇತ್ತು. ಒಂದು ದಿನ ಬಸ್ಸಿನಿಂದ ನೋಡುತ್ತೇನೆ, ರಾಜೀವಿಯಕ್ಕ ನನ್ನ ಮೊಣಕಾಲಿಗಿಂತ ಕೆಳಗೆ ಇದ್ದಾರೆ. ವಾರ ಕಳೆದು ನೋಡುವಾಗ ಅವರ ತಲೆ ಮಾತ್ರ. ನಾನು ಓವರ್‌ಸಿಯರನ ಹತ್ತಿರ ಓಡಿದೆ, ನನ್ನ ಓಟದಲ್ಲಿ ಎಷ್ಟು ಓಡಬಹುದೋ ಅಷ್ಟು.

"ಇಷ್ಟು ಎತ್ತರ ಯಾಕೆ?"

"ಪ್ಲಾನಿನಲ್ಲಿ ಉಂಟಲ್ಲ ಸಾರ್, ನಿಮಗೇ ತೋರಿಸಿದ್ದೆ," ಎಂದು ಆತ ಮಲಯಾಳದಲ್ಲಿ ಹೇಳಿದ. ಹಾಳೆ ಬಿಡಿಸಿ ತೋರಿಸಿದ. ಹೌದು, ಒಂದು ಗೆರೆ ಹಳ್ಳದ ಹಾಗೆ ಇಳಿದಿತ್ತು, ಅದರ ಮೇಲೆ ಇನ್ನೊಂದು ಗೆರೆ ನೇರ ಹೋಗಿತ್ತು. ಎರಡು ಗೆರೆಯ ನಡುವೆ ಎರಡಾಳು ಮಣ್ಣು. ನಾನು ಅದನ್ನು ನೋಡಿದ್ದೆ, ಓದಿರಲಿಲ್ಲ. ಸಮಿತಿಯಲ್ಲಿ ಯಾರೂ ಓದಿರಲಿಲ್ಲ. ಅಗಲ ಅಗಲ ಎಂದು ಹದಿನೇಳು ವರ್ಷ ಬಡಿದುಕೊಂಡ ನಾವು ಎತ್ತರವನ್ನು ಕೇಳಲೇ ಇಲ್ಲ. ನಮಗೆ ಕನಸಿನಲ್ಲಿಯೂ ಬರುತ್ತಿದ್ದುದು ಹತ್ತು ಮೀಟರ್ ಎಂಬ ಒಂದೇ ಲೆಕ್ಕ.

"ಬಸ್ ಶೆಲ್ಟರಾದರೂ ಇಲ್ಲಿ ಮಾಡಬೇಕು," ಎಂದೆ.

ಆತ ನನ್ನನ್ನು ಪಾಪ ಎನ್ನುವಂತೆ ನೋಡಿದ. "ತಿರುವಿನಲ್ಲಿ ಬಸ್ ನಿಲ್ಲಿಸ್ಲಿಕ್ಕೆ ಅನುಮತಿ ಇಲ್ಲ ಸಾರ್. ಅಪಘಾತ ಆಗ್ತದೆ. ಶೆಲ್ಟರ್ ಮುಂದೆ ನೇರ ಇರುವಲ್ಲಿ, ಮುನ್ನೂರು ಮೀಟರ್ ಆಚೆ."

ನಾನು ಜಗಳ ಮಾಡಬಹುದಿತ್ತು. ಮಾಡುವವನೇ ನಾನು, ಊರಿಗೆ ಗೊತ್ತು. ಜಿಲ್ಲಾ ಕಚೇರಿಗೆ ಹೋಗಬಹುದಿತ್ತು, ಕೊನೆಗೆ ಒಂದು ಮೆಟ್ಟಿಲನ್ನಾದರೂ ರಸ್ತೆಯವರೆಗೆ ಕಟ್ಟಿಸಬಹುದಿತ್ತು. ಆದರೆ ಉದ್ಘಾಟನೆಯ ದಿನ ಗೊತ್ತಾಗಿತ್ತು. ಕಾರ್ಯಕ್ರಮದ ಸ್ವಾಗತ ಭಾಷಣ ನನ್ನದು. ಈಗ ಎಬ್ಬಿಸಿದರೆ ಎಲ್ಲವೂ ನಿಲ್ಲುತ್ತದೆ, ಆಮೇಲೆ ನೋಡಿದರಾಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ಆಮೇಲೆ ಎಂಬುದು ಎಲ್ಲಿಯೂ ಬರುವುದಿಲ್ಲ ಎಂದು ಗೊತ್ತಿರದ ವಯಸ್ಸಲ್ಲ ನನ್ನದು.

ಎರಡು ಸಾವಿರದ ಇಪ್ಪತ್ತನಾಲ್ಕರ ಜನವರಿಯಲ್ಲಿ ಉದ್ಘಾಟನೆಯಾಯಿತು. ಚೆಂಡೆ ಇತ್ತು, ಪಾಯಸ ಇತ್ತು. ಜಾಗ ಕೊಟ್ಟವರಿಗೆಲ್ಲ ಶಾಲು ಹೊದೆಸಿ ಗೌರವಿಸಿದೆವು. ನಾನು ಹೆಸರು ಓದುತ್ತಾ ಹೋದೆ. "ಪಾದೆಕಲ್ಲಿನ ರಾಜೀವಿ" ಎಂದಾಗ ಅವರು ವೇದಿಕೆಗೆ ಬಂದರು, ಕೈಮುಗಿದರು, ಶಾಲು ಹೊದ್ದು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು.

"ಸ್ಟಾಪ್ ಯಾವಾಗ ಆಗುದು ಮಾಸ್ಟ್ರೆ?"

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ನಾನು ಮುಂದಿನ ಹೆಸರು ಓದಿದೆ.

ಆಮೇಲೆ ರಸ್ತೆ ಚೆನ್ನಾಗಿಯೇ ಇದೆ. ಹದಿಮೂರು ಕಿಲೋಮೀಟರಿಗೆ ಇಪ್ಪತ್ತು ನಿಮಿಷ. ತಿರುವಿನಲ್ಲಿ ಉದ್ದಕ್ಕೆ ಕಬ್ಬಿಣದ ತಡೆ ಹಾಕಿದ್ದಾರೆ. ಬಸ್ಸಿನಿಂದ ನೋಡಿದರೆ ಅದರಾಚೆ ಹಂಚಿನ ಮಾಡು ಕಾಣುತ್ತದೆ, ಜಗಲಿ ಕಾಣುವುದಿಲ್ಲ. ಜಗಲಿಯಿಂದ ನೋಡಿದರೆ ಏನು ಕಾಣುತ್ತದೆಂದು ಪ್ರವೀತ್ ನನಗೆ ಹೇಳಿದ. ಸುರುವಿಗೆ ರಾಜೀವಿಯಕ್ಕ ಮುನ್ನೂರು ಮೀಟರ್ ನಡೆದು ಹೊಸ ಶೆಲ್ಟರಿಗೆ ಹೋಗಿ ಕೂರುತ್ತಿದ್ದರಂತೆ. ಬಸ್ಸು ಬಂದರೆ ಪ್ರವೀತ್ "ಹತ್ತಿ ಅಕ್ಕ" ಎನ್ನುತ್ತಿದ್ದ. "ನಾನು ಎಲ್ಲಿಗೂ ಇಲ್ಲ ಮಾರಾಯ, ಸುಮ್ಮನೆ," ಎಂದು ಅವರು ನಗುತ್ತಿದ್ದರಂತೆ. ಆದರೆ ಬಸ್ಸಿಗೆ ಈಗ ಸಮಯ ಹಿಡಿದು ಓಡಬೇಕು, ಅರ್ಧ ನಿಮಿಷವೂ ನಿಲ್ಲುವಂತಿಲ್ಲ. ಕಾಯುವವರೆಲ್ಲ ಮೊಬೈಲಿನಲ್ಲಿ ಮುಳುಗಿರುತ್ತಾರೆ. "ನನಗೆ ಈಗ ಗಾಡಿಯ ಚಕ್ರ ಮಾತ್ರ ಕಾಣುದು ಪ್ರವೀತ್, ಮೊದಲು ತಲೆ ಕಾಣ್ತಿತ್ತು," ಎಂದು ಒಮ್ಮೆ ಹೇಳಿದರಂತೆ. ಮಂಡಿನೋವು ಹೆಚ್ಚಾದ ಮೇಲೆ ಶೆಲ್ಟರಿಗೆ ಬರುವುದೂ ನಿಂತಿತು. ಬೀಡಿಯ ಕೆಲಸವೂ ಅಷ್ಟರಲ್ಲಿ ಕಡಿಮೆಯಾಗಿತ್ತು, ವಾರಕ್ಕೊಮ್ಮೆ ಯಾರೋ ಬಂದು ಇದ್ದದ್ದನ್ನು ಒಯ್ಯುತ್ತಿದ್ದರು.

ನಾನು ಅಲ್ಲಿಗೆ ಹೋಗಲಿಲ್ಲ. ನಾಚಿಕೆಯಾಗುತ್ತಿತ್ತು. ಏನೆಂದು ಮುಖ ತೋರಿಸುವುದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಹೋಗುವಾಗ ಆ ಮಾಡು ಬಂದರೆ ನಾನು ಬಲಗಡೆ ನೋಡುತ್ತಿದ್ದೆ. ಅದೇ ವರ್ಷ ಓಣಂ ಕಳೆದ ಮೇಲೆ ಕಾರು ತೆಗೆದುಕೊಂಡೆ, ನನ್ನ ಕಾಲಿಗೆ ಸರಿಯಾಗುವ ಗೇರಿಲ್ಲದ ಬಿಳಿ ಕಾರು. ರಸ್ತೆ ಒಳ್ಳೆಯದಾಯಿತಲ್ಲ ಎಂದು ಎಲ್ಲರಿಗೂ ಕಾರಣ ಹೇಳಿದೆ. ಕಾರಣ ಅದೊಂದೇ ಆಗಿರಲಿಲ್ಲ.

ಕಾರಿನಲ್ಲಿ ಗಾಜು ಏರಿಸಿ ಎಸಿ ಹಾಕಿದರೆ ಒಬ್ಬನೇ. ಮೊದಲ ತಿಂಗಳು ಅದೊಂದು ಸುಖವೆನಿಸಿತು. ಆಮೇಲೆ ನಾನು ಶಾಲೆಗೆ ಹೋಗದ ದಿನ "ಎಂತ ಜ್ವರವಾ?" ಎಂದು ಕೇಳುವವರು ನನಗೂ ಯಾರೂ ಉಳಿದಿರಲಿಲ್ಲ. ನಮ್ಮ ಬಸ್ಸಿನವರೆಲ್ಲ ಒಬ್ಬೊಬ್ಬರಾಗಿ ಸ್ಕೂಟರು, ಕಾರು ಮಾಡಿಕೊಂಡಿದ್ದರು. ಎದುರಿನಿಂದ ಬಂದರೆ ಲೈಟು ಮಿನುಗಿಸಿ ಹೋಗುತ್ತಾರೆ. ಯಾರೆಂದು ಗೊತ್ತಾಗುವಾಗ ದಾಟಿ ಆಗಿರುತ್ತದೆ.

ಕಳೆದ ಜುಲೈಯ ಒಂದು ಗುರುವಾರ. ಸಂಜೆ ಮನೆಗೆ ಬಂದು ಕೂತಿದ್ದೆ. ರಸ್ತೆ ಸಮಿತಿಯ ವಾಟ್ಸಾಪ್ ಗುಂಪು ಇನ್ನೂ ಇದೆ, ಅದರಲ್ಲಿ ಈಗ ಶುಭೋದಯದ ಹೂವು ಮಾತ್ರ ಬರುವುದು. ಅಂದು ರಶ್ಮಿತಾಳ ಸಂದೇಶ ಬಂದಿತ್ತು. ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಪಾದೆಕಲ್ಲಿನ ಮನೆಗೆ ಹೋದಾಗ ಬಾಗಿಲು ತೆರೆದಿತ್ತಂತೆ. ಒಳಗೆ ನೆಲದ ಮೇಲೆ ರಾಜೀವಿಯಕ್ಕ ಬಿದ್ದಿದ್ದರಂತೆ. ಇಲಿಜ್ವರ. ಸೋಮವಾರದಿಂದ ಹಾಗೆಯೇ ಇದ್ದರು ಎಂದು ಡಾಕ್ಟರು ಹೇಳಿದರಂತೆ. ಜೀವಕ್ಕೆ ಅಪಾಯವಿಲ್ಲ, ಸರಕಾರಿ ಆಸ್ಪತ್ರೆಯಲ್ಲಿದ್ದಾರೆ.

ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಾನು ಫೋನು ಕೆಳಗಿಟ್ಟೆ. ಸೋಮ, ಮಂಗಳ, ಬುಧ, ಗುರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಅವರು ನೆಲದ ಮೇಲೆ ಬಿದ್ದಿದ್ದಾಗ ನಾನು ಆ ಮಾಡಿನ ಪಕ್ಕದಲ್ಲಿ ಅಂದಿನ ಸಂಜೆ ಬಿಟ್ಟರೂ ಏಳು ಸಲ ಹೋಗಿದ್ದೇನೆ. ದಿನದ ಇಪ್ಪತ್ತೆರಡು ಬಸ್ಸುಗಳೂ ಹೋಗಿವೆ. ಹಳೆಯ ರಸ್ತೆಯಾಗಿದ್ದರೆ ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಮರುದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಹೆಂಗಸರ ವಾರ್ಡಿನ ಕೊನೆಯ ಮಂಚ. ಮೊದಲೇ ಸಣ್ಣ ಜೀವ, ಈಗ ಹೊದಿಕೆಯ ಕೆಳಗೆ ಏನೂ ಇಲ್ಲದ ಹಾಗಿತ್ತು. ಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿತ್ತು. ಪಕ್ಕದ ಮಂಚದ ಹೆಂಗಸು ಅವರ ಬಾಯಿಗೆ ಚಮಚದಲ್ಲಿ ಗಂಜಿತಿಳಿ ಹಾಕುತ್ತಿದ್ದರು. ನಾನು ಕುಂಟುತ್ತಾ ಬರುವುದನ್ನು ನೋಡಿ ರಾಜೀವಿಯಕ್ಕನ ಮುಖ ಅರಳಿತು. ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಮಾಸ್ಟ್ರೆ, ಕೂತ್ಕೊಳ್ಳಿ. ಶಾಲೆ ಇಲ್ವಾ?"

"ಕ್ಷಮಿಸಿ ಅಕ್ಕ," ಎಂದೆ. "ಸ್ಟಾಪ್ ಮಾಡಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

"ಅದು ನಿಮ್ಮ ಕೈಲಿ ಉಂಟಾ? ಸರಕಾರದ್ದು ಅದು. ಪ್ರವೀತ್ ಹೇಳಿದ್ದಾನೆ ನನಗೆ, ತಿರುವಿನಲ್ಲಿ ನಿಲ್ಲಿಸ್ಬಾರ್ದಂತೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನೀವು ಬೇಜಾರು ಮಾಡ್ಕೊಂಡು ಬರ್ಲಿಲ್ಲ ಅಂತ ನನಗೆ ಗೊತ್ತುಂಟು."

ಮಾತು ತೋಚದಿದ್ದಾಗ ಮಾಸ್ತರರು ಪ್ರಶ್ನೆ ಕೇಳುತ್ತಾರೆ.

"ನಾಲ್ಕು ದಿನ ಒಬ್ಬರೇ ಬಿದ್ದಿದ್ರಲ್ಲ ಅಕ್ಕ, ಯಾರನ್ನಾದ್ರೂ ಕೂಗ್ಬಾರ್ದಿತ್ತಾ?"

"ಕೂಗಿದೆ. ಎದ್ದು ಜಗಲಿಗೆ ಬರ್ಲಿಕ್ಕೆ ಆಗ್ಲಿಲ್ಲ, ಒಳಗಿಂದ್ಲೇ ಕೂಗಿದೆ. ನಿಮ್ಮನ್ನೇ ಕೂಗಿದ್ದು. ಜ್ವರಕ್ಕೆ ಸ್ವರ ಏಳ್ಲಿಲ್ಲ, ಹಾಗೆ ನಿಮಗೆ ಕೇಳ್ಲಿಲ್ಲ ಕಾಣ್ತದೆ."

"ನಾನು ಹೋಗುದು ನಿಮಗೆ ಹೇಗೆ ಗೊತ್ತಾಯ್ತು?"

"ಅಯ್ಯೋ, ಅದು ಗೊತ್ತಾಗುದಿಲ್ವಾ? ನೀವು ಬಿಳಿ ಕಾರು ತೆಗೆದದ್ದು ಪ್ರವೀತ್ ಹೇಳಿದ್ದ. ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ ಒಮ್ಮೆ, ಸಂಜೆ ನಾಲ್ಕೂವರೆಗೆ ಒಮ್ಮೆ. ಬೇರೆಯವರೆಲ್ಲ ಹಾರ್ನು ಉದ್ದಕ್ಕೆ ಒತ್ತಿ ಹಿಡಿಯುದು. ನೀವು ಮಾತ್ರ ಮೆಲ್ಲಗೆ ಎರಡು ಸಲ ಹಾಕಿ ಹೋಗುದು. ಅದು ಕೇಳಿದ ಕೂಡ್ಲೇ ನಾನು ಜಗಲಿಯಿಂದ ‘ಹೋ ಮಾಸ್ಟ್ರೆ’ ಅಂತೇನೆ. ದಿನಾ ಅಂತೇನೆ."

ಆ ತಿರುವಿನ ಮೊದಲು ಒಂದು ಹಳದಿ ಬೋರ್ಡು ಇದೆ. ಹಾರ್ನ್ ಮಾಡಿ ಎಂದು ಮೂರು ಭಾಷೆಯಲ್ಲಿ ಬರೆದಿದೆ. ನಾನು ಕಾನೂನು ಪಾಲಿಸುವ ಮನುಷ್ಯ. ಬೋರ್ಡು ಕಂಡಾಗ ಎರಡು ಸಲ ಒತ್ತುತ್ತೇನೆ, ಗಾಜು ಏರಿಸಿಯೇ ಇರುತ್ತದೆ, ರೇಡಿಯೋದಲ್ಲಿ ವಾರ್ತೆ ಬರುತ್ತಿರುತ್ತದೆ.

"ಅದು ನನಗೇ ಹಾಕುದು ಅಲ್ವಾ ಮಾಸ್ಟ್ರೆ?"

"ಹೌದು ಅಕ್ಕ," ಎಂದೆ. "ನಿಮಗೇ."

ರಾಜೀವಿಯಕ್ಕ ಸೂಜಿಯಿಲ್ಲದ ಕೈಯಿಂದ ಪಕ್ಕದ ಮಂಚದ ಹೆಂಗಸಿನ ಸೆರಗು ಎಳೆದರು.

"ನಾನು ಹೇಳಿದೆ ಅಲ್ವಾ? ಇವರೇ ಆ ಮಾಸ್ಟ್ರು. ಎಷ್ಟು ಅರ್ಜೆಂಟಿದ್ರೂ ನನ್ನನ್ನು ಮಾತಾಡಿಸದೆ ಹೋದವರಲ್ಲ."